ನಾಗಸ್ವರದ ಉಸಿರು, ಸ್ಯಾಕ್ಸೊಫೋನಿನ ಒಡಲು: ಕದ್ರಿ ಗೋಪಾಲನಾಥರ ಸಾಧನೆಯ ಚರಿತ್ರೆ

ಪಾಶ್ಚಾತ್ಯ ವಾದ್ಯಗಳನ್ನು ತನ್ನದಾಗಿಸಿಕೊಳ್ಳುವುದು ಕರ್ನಾಟಕ ಸಂಗೀತಕ್ಕೆ ಹೊಸತೇನಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಬಾಲುಸ್ವಾಮಿ ದೀಕ್ಷಿತರಂಥವರ ಪ್ರಯತ್ನದಿಂದ ಪಿಟೀಲು ಈ ಪದ್ಧತಿಯೊಳಗೆ ಬಂದು ಕ್ರಮೇಣ ಕಛೇರಿಯ ಅನಿವಾರ್ಯ ಪಕ್ಕವಾದ್ಯವಾಯಿತು. ಮೊದಲು ನೃತ್ಯದ ಮೇಳದಲ್ಲಿದ್ದ ಕ್ಲಾರಿನೆಟ್ ಎ. ಕೆ. ಸಿ. ನಟರಾಜನ್ ಅವರ ಕೈಯಲ್ಲಿ ಪ್ರಧಾನ ವಾದ್ಯದ ಸ್ಥಾನ ಪಡೆಯಿತು. ಸ್ಯಾಕ್ಸೊಫೋನು ಇವುಗಳಿಗಿಂತ ತಡವಾಗಿ ಬಂದಿತಾದರೂ, ಅದು ಕಛೇರಿಯ ವೇದಿಕೆಯನ್ನೇರಿದ ಚರಿತ್ರೆಯು ಬಹುಮಟ್ಟಿಗೆ ದಕ್ಷಿಣ ಕನ್ನಡದ ಒಬ್ಬ ವಾದಕರ, ಎಂದರೆ ಕದ್ರಿ ಗೋಪಾಲನಾಥರ, ದೀರ್ಘ ಸಾಧನೆಯ ಚರಿತ್ರೆಯೇ ಆಗಿದೆ. ಆ ಸಾಧನೆಯ ಬೇರುಗಳು ಜಾಝ್ ಸಂಗೀತದಲ್ಲಿಲ್ಲ, ದೇವಾಲಯದ ನಾಗಸ್ವರ ವಾದನದಲ್ಲಿವೆ ಎಂಬುದನ್ನು ಗಮನಿಸಿದರೆ ಮಾತ್ರ ಅದರ ಸ್ವರೂಪ ಸ್ಪಷ್ಟವಾಗುತ್ತದೆ.

ಬೆಲ್ಜಿಯಂ ಮೂಲದ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ ರೂಪಿಸಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಮೊದಲು ಬಳಕೆಗೆ ಬಂದದ್ದು ಮುಖ್ಯವಾಗಿ ಸೇನಾ ವಾದ್ಯವೃಂದಗಳಲ್ಲಿ. ಇದರ ಒಡಲು ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಗಿಡುವ ತುದಿಗೆ ಬಿಗಿದ ರೀಡ್ ಎಂಬ ತೆಳುವಾದ ಜೊಂಡಿನ ಪಟ್ಟಿಯ ಕಂಪನದಿಂದ. ಭಾರತದಲ್ಲಿಯೂ ಸೇನೆಯ ಮತ್ತು ಸಂಸ್ಥಾನಗಳ ಬ್ಯಾಂಡುಗಳು ಇದನ್ನು ಬಳಸಿದವು. ಮೈಸೂರು ಅರಮನೆಯ ಬ್ಯಾಂಡ್ ಅವುಗಳಲ್ಲೊಂದು.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪ ನಾಗಸ್ವರ ವಾದಕರಾಗಿದ್ದುದರಿಂದ ಮಗನಿಗೂ ಮೊದಲ ಪಾಠ ಆ ವಾದ್ಯದಲ್ಲೇ ಆಯಿತು. ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ನಾದವನ್ನು ಕೇಳಿ ಮನಸೋತ ಅವರು ಅದರಲ್ಲಿಯೇ ಶಾಸ್ತ್ರೀಯ ಸಂಗೀತವನ್ನು ನುಡಿಸಬೇಕೆಂದು ಸಂಕಲ್ಪಿಸಿ, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ವಾದ್ಯವು ಪೂರ್ಣವಾಗಿ ಕೈವಶವಾಗಲು ಸುಮಾರು ಇಪ್ಪತ್ತು ವರ್ಷಗಳ ಅಭ್ಯಾಸ ಬೇಕಾಯಿತು.

ಇಷ್ಟು ದೀರ್ಘಕಾಲ ಹಿಡಿದುದಕ್ಕೆ ಕಾರಣ ವಾದ್ಯದ ರಚನೆಯಲ್ಲಿಯೇ ಇದೆ. ಕರ್ನಾಟಕ ಸಂಗೀತದಲ್ಲಿ ರಾಗದ ಜೀವವಿರುವುದು ಗಮಕದಲ್ಲಿ, ಅಂದರೆ ಸ್ವರವನ್ನು ನಿಂತಲ್ಲೇ ನಿಲ್ಲಿಸದೆ ಜಾರಿಸುವ, ಓಲಾಡಿಸುವ, ನೆರೆಯ ಸ್ವರದ ಛಾಯೆಯನ್ನು ಅದಕ್ಕೆ ತಾಗಿಸುವ ಕ್ರಮದಲ್ಲಿ. ನಾಗಸ್ವರದ ರಂಧ್ರಗಳು ತೆರೆದಿರುವುದರಿಂದ ವಾದಕನು ಬೆರಳನ್ನು ಅರ್ಧ ಸರಿಸಿ ಗಮಕವನ್ನು ಹೊಮ್ಮಿಸಬಲ್ಲನು. ಸ್ಯಾಕ್ಸೊಫೋನಿನಲ್ಲಿಯಾದರೋ ರಂಧ್ರಗಳನ್ನು ಮುಚ್ಚಿ ತೆರೆಯುವುದು ಕೀಲಿಗಳಿಗೆ ಜೋಡಿಸಿದ ಮುಚ್ಚಳಗಳು, ಆದ್ದರಿಂದ ಬೆರಳಿಗೂ ರಂಧ್ರಕ್ಕೂ ನೇರ ಸ್ಪರ್ಶವೇ ಇಲ್ಲ. ಹಾಗಿದ್ದರೂ ಎರಡು ವಾದ್ಯಗಳಿಗೂ ಒಂದು ಆಳವಾದ ನಂಟಿದೆ. ಎರಡರ ಕೊಳವೆಗಳೂ ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವುದರಿಂದ ಉಸಿರಿನ ಒತ್ತಡವನ್ನು ಹೆಚ್ಚಿಸಿದಾಗ ಸ್ವರವು ಸರಿಯಾಗಿ ಒಂದು ಸ್ಥಾಯಿಯಷ್ಟು ಮೇಲೇರುತ್ತದೆ. ಕೊಳವೆಯು ಬಹುಪಾಲು ಒಂದೇ ಅಗಲವಾಗಿರುವ ಕ್ಲಾರಿನೆಟ್ಟಿಗೆ ಈ ಗುಣವಿಲ್ಲ. ಬೆರಳಿಗೆ ಸಿಗದ ಗಮಕವನ್ನು ಗೋಪಾಲನಾಥರು ತುಟಿಯ ಬಿಗಿತದ ಏರಿಳಿತದಿಂದಲೂ, ಉಸಿರಿನ ನಿಯಂತ್ರಣದಿಂದಲೂ, ಕೀಲಿಗಳನ್ನು ಮೆಲ್ಲಗೆ ಒತ್ತಿ ಬಿಡುವ ಕೌಶಲದಿಂದಲೂ ಸಾಧಿಸಿದರು. ವಾದ್ಯದಲ್ಲಿ ಅಗತ್ಯವಾದ ಮಾರ್ಪಾಡುಗಳನ್ನೂ ಮಾಡಿಕೊಂಡರು. ತುಟಿ ಮತ್ತು ಉಸಿರಿನ ಈ ವಿದ್ಯೆಗೆ ನಾಗಸ್ವರದ ಮನೆತನದಲ್ಲಿ ಬೆಳೆದುದೇ ತಳಹದಿಯಾಯಿತೆಂದು ಹೇಳಬೇಕು.

ಮುಂದೆ ಮದರಾಸಿನಲ್ಲಿ ಗಾಯನ ಮತ್ತು ಮೃದಂಗ ಎರಡರಲ್ಲೂ ವಿದ್ವಾಂಸರಾಗಿದ್ದ ಟಿ. ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆತುದರಿಂದ ಗೋಪಾಲನಾಥರ ವಾದನಕ್ಕೆ ಗಾಯನದ ಗುಣವೂ ಲಯದ ಬಿಗಿಯೂ ಕೂಡಿಬಂದವು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರೊಡನೆ ಸೇರಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದ ಅಂಗವಾಗಿ ಗೋಪಾಲನಾಥರ ಕಛೇರಿ ನಡೆಯಿತು. ಅದೇ ವರ್ಷ ಕೆ. ಬಾಲಚಂದರ್ ನಿರ್ದೇಶಿಸಿ ಎ. ಆರ್. ರಹಮಾನ್ ಸಂಗೀತ ನೀಡಿದ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಸ್ಯಾಕ್ಸೊಫೋನ್ ವಾದಕನಾದ ನಾಯಕನ ವಾದ್ಯಕ್ಕೆ ದನಿಯಾದದ್ದು ಇವರ ವಾದನವೇ. ಶಾಸ್ತ್ರೀಯ ಸಭೆಗಳಿಗೆ ಹೋಗದ ಅಸಂಖ್ಯ ಕೇಳುಗರಿಗೂ ಈ ನಾದ ತಲುಪಿದ್ದು ಆ ಚಿತ್ರದಿಂದ.

ಕರ್ನಾಟಕ ಸಂಗೀತದಲ್ಲಿ ವಾದಕನ ರಚನಾಶಕ್ತಿ ಪ್ರಕಟವಾಗುವುದು ಹೆಚ್ಚಾಗಿ ಮನೋಧರ್ಮದಲ್ಲಿ, ಅಂದರೆ ಆಲಾಪನೆ, ಕಲ್ಪನಾಸ್ವರ ಮೊದಲಾದ, ವೇದಿಕೆಯ ಮೇಲೆಯೇ ಹುಟ್ಟುವ ಭಾಗಗಳಲ್ಲಿ. ಜಾಝ್ ವಾದಕರೊಡನೆ ಇವರ ಸಂವಾದ ಸಾಧ್ಯವಾದದ್ದು ಈ ನೆಲೆಯಿಂದಲೇ. ಅವರ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಧ್ವನಿಮುದ್ರಿಕೆಯನ್ನು ವಿದ್ಯಾರ್ಥಿದೆಸೆಯಲ್ಲಿ ಕೇಳಿದ್ದ, ಕರ್ನಾಟಕ ಮೂಲದ ಕುಟುಂಬಕ್ಕೆ ಸೇರಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರು ವರ್ಷಗಳ ನಂತರ ಅವರೊಡನೆ ಸೇರಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯನ್ನು 2008ರಲ್ಲಿ ಹೊರತಂದರು, ಅದರಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲೂ ಜೊತೆಗೂಡಿತು. ಹೊಸದಾಗಿ ರಚಿಸಿದ ಸಂಗೀತದ ಚೌಕಟ್ಟಿನಲ್ಲಿ ಎರಡು ಪದ್ಧತಿಗಳ ಮನೋಧರ್ಮವನ್ನು ಎದುರುಬದುರಾಗಿ ನಿಲ್ಲಿಸಿದ್ದು ಆ ಕೃತಿಯ ವೈಶಿಷ್ಟ್ಯ.

2004ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಅವರ ಸಾಧನೆಯ ಫಲವನ್ನು ಪ್ರಶಸ್ತಿಗಳಲ್ಲಿ ಅಳೆಯುವುದಕ್ಕಿಂತ ಕರಾವಳಿಯ ಬದುಕಿನಲ್ಲಿ ಹುಡುಕುವುದು ಹೆಚ್ಚು ಉಚಿತ. ದೇವಾಲಯದ ಉತ್ಸವಗಳಲ್ಲಿ, ಮದುವೆಯ ಚಪ್ಪರಗಳಲ್ಲಿ, ಒಂದು ಕಾಲದಲ್ಲಿ ನಾಗಸ್ವರವೇ ನಿರ್ವಹಿಸುತ್ತಿದ್ದ ಮಂಗಳವಾದ್ಯದ ಹೊಣೆಯನ್ನು ಇಂದು ಅಲ್ಲಿ ಸ್ಯಾಕ್ಸೊಫೋನು ಹೊತ್ತಿರುವುದು ಸಾಮಾನ್ಯ ದೃಶ್ಯ. ಅರಮನೆಯ ಬ್ಯಾಂಡಿನ ವಾದ್ಯವೊಂದು ಹೀಗೆ ಜನರ ಶುಭಕಾರ್ಯಗಳ ವಾದ್ಯವಾದದ್ದು, ಪರಂಪರೆಯು ಉಳಿಯುವುದು ಉಪಕರಣದಲ್ಲಲ್ಲ, ಅದನ್ನು ನುಡಿಸುವವರ ಸಾಧನೆಯಲ್ಲಿ ಎಂಬುದಕ್ಕೆ ಬಲವಾದ ಪ್ರಮಾಣವಾಗಿದೆ.