ಮನೆ ನಮ್ಮದು, ನೆಲ ಯಾರದು? ಠಾಣೆಯಿಂದ ನವಿ ಮುಂಬೈವರೆಗಿನ ಕಥೆ

ಊರಿಂದ ಫೋನ್ ಬಂದ್ರೆ ನಮಗೆಲ್ಲ ತಪ್ಪದ ಪ್ರಶ್ನೆ ಒಂದಿದೆ: "ಅಲ್ಲೇ ಒಂದು ಸೈಟು ತಗೊಂಡು ಮನೆ ಕಟ್ಸೋಕಾಗಲ್ವಾ?" ಐರೋಲಿಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಬಾಡಿಗೆ ಮನೆ ಅನ್ನೋರು ಏನು ಹೇಳೋದು? ಇಲ್ಲಿ ನೆಲದ ಇತಿಹಾಸವೇ ಬೇರೆ. ಇವತ್ತು ಅದನ್ನೇ ನೋಡೋಣ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಮುಂಬೈ ತುಂಬಿದ ಹಾಗೆ ಜನ ಈ ಹಳಿಯುದ್ದಕ್ಕೂ ಮನೆ ಹುಡುಕುತ್ತಾ ಬಂದರು. ಚಾಳುಗಳ ಜಾಗದಲ್ಲಿ ಫ್ಲಾಟುಗಳು ಎದ್ದವು. ಬಿಲ್ಡರ್ ಕಟ್ಟಡದ ಜೊತೆ ನೆಲವನ್ನೂ ಸೊಸೈಟಿಗೆ ಬರೆದುಕೊಡಬೇಕು ಅಂತ 1963ರ ಓನರ್‌ಶಿಪ್ ಫ್ಲಾಟ್ಸ್ ಕಾಯ್ದೆ ಹೇಳಿತು. ಇದೇ ಕನ್ವೇಯನ್ಸ್. ಎಷ್ಟೋ ಬಿಲ್ಡರ್‌ಗಳು ಬರೆದುಕೊಡಲೇ ಇಲ್ಲ. ಅದಕ್ಕೇ 2008ರಲ್ಲಿ ಕಾನೂನು ತಿದ್ದಿ 'ಡೀಮ್ಡ್ ಕನ್ವೇಯನ್ಸ್' ತರಬೇಕಾಯ್ತು.

ಕೊಲ್ಲಿಯ ಈಚೆ ದಡದ್ದು ಇನ್ನೊಂದು ಕಥೆ. 1970ರಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳು, 344 ಚದರ ಕಿಲೋಮೀಟರ್ ಹೊಸ ನಗರಕ್ಕೆ ಗೊತ್ತಾದವು. ಗದ್ದೆ, ಉಪ್ಪಿನ ಮಡಿ ನಂಬಿದ್ದ ಆಗ್ರಿ ರೈತರ ಭೂಮಿ ಸರ್ಕಾರದ ವಶಕ್ಕೆ ಹೋಯ್ತು. ನ್ಯಾಯವಾದ ಪರಿಹಾರ ಕೇಳಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ಹೋರಾಟ ನಡೆಯಿತು. 1984ರ ಜನವರಿ 16 ಮತ್ತು 17ರಂದು ಉರಣ್ ಭಾಗದಲ್ಲಿ ಪೊಲೀಸ್ ಗುಂಡಿಗೆ ಐವರು ಬಲಿಯಾದರು. ಆಮೇಲೆ ಬಂದದ್ದೇ ವಶವಾದ ಜಮೀನಿನ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ವಾಪಸ್ ಕೊಡುವ ಯೋಜನೆ. ಖಾರ್ಘರ್, ಉಲ್ವೆಯಲ್ಲಿ ಬ್ರೋಕರ್ 'ಸಾಡೇಬಾರಾ ಟಕ್ಕೆ' ಅಂದ್ರೆ ಇದೇ. ಅದರ ಹಿಂದೆ ಐದು ಜೀವ ಇದೆ ಅನ್ನೋದು ಮರೀಬೇಡಿ.

ಸಿಡ್ಕೊ ಈ ನೆಲವನ್ನು ಸಾಮಾನ್ಯವಾಗಿ ಮಾರಲಿಲ್ಲ, 60 ವರ್ಷಕ್ಕೆ ಲೀಸ್ ಕೊಟ್ಟಿತು. ಅಂದ್ರೆ ಲಕ್ಷಗಟ್ಟಲೆ ಇಎಂಐ ಕಟ್ಟಿದರೂ ಕೆಳಗಿನ ಮಣ್ಣು ನಮ್ಮದಲ್ಲ.

ಸ್ವಂತ ಮನೆಯ ಕನಸಿಗೆ ಇಲ್ಲಿ ಜಾಗವೇ ಇರಲಿಲ್ಲ ಅಂತಲ್ಲ. 1980ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ಸಿಡ್ಕೊಗಾಗಿ ಬೇಲಾಪುರದಲ್ಲಿ ಸುಮಾರು 550 ಕುಟುಂಬಗಳಿಗೆ ಮನೆ ರೂಪಿಸಿದರು. ಅದೇ ಇಂದಿನ ಆರ್ಟಿಸ್ಟ್ಸ್ ವಿಲೇಜ್. ಒಂದೊಂದು ಅಂಗಳದ ಸುತ್ತ ಏಳು ಮನೆ. ಪಕ್ಕದವರ ಜೊತೆ ಗೋಡೆ ಹಂಚಿಕೆ ಇಲ್ಲ. ಕಾಸು ಬಂದಂತೆ ಕೋಣೆ ಸೇರಿಸಬಹುದು. ನಾನು ಅಲ್ಲಿ ಓಡಾಡಿದಾಗ ಹಳೇ ಹೆಂಚಿನ ಮನೆ ಪಕ್ಕದಲ್ಲೇ ಮೂರಂತಸ್ತಿನ ಕಾಂಕ್ರೀಟ್ ಮನೆ ಕಂಡೆ. ಜನ ನಿಜಕ್ಕೂ ತಮ್ಮ ಮನೆ ತಾವೇ ಕಟ್ಟಿಕೊಂಡಿದ್ದಾರೆ.

ಹಾಗಾದ್ರೆ ಕಲ್ಯಾಣದಾಚೆ ಅಗ್ಗಕ್ಕೆ ಹೊಲ ತಗೊಳ್ಳೋಣವೇ? ನಿಲ್ಲಿ. ಕರ್ನಾಟಕದಲ್ಲಿ 2020ರ ತಿದ್ದುಪಡಿ ನಂತರ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಇಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಂ ಅಡ್ಡ ಬರುತ್ತೆ. ಫ್ಲಾಟ್ ಆದ್ರೂ ಕಣ್ಮುಚ್ಚಿ ನಂಬೋ ಹಾಗಿಲ್ಲ: 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕಲ್ಯಾಣ-ಡೊಂಬಿವಲಿಯ 65 ಅಕ್ರಮ ಕಟ್ಟಡಗಳನ್ನು ಕೆಡವಲು ಹೇಳಿತು. ನಕಲಿ ಪರವಾನಗಿ ತೋರಿಸಿ ರೇರಾ ನೋಂದಣಿ ಮಾಡಿಸಿದ್ದರು. ಒಳಗೆ ಸಾಲ ಮಾಡಿ ಕೊಂಡ ಸಂಸಾರಗಳಿದ್ದವು.

ಹಾಗಾಗಿ ಟೋಕನ್ ಕೊಡೋ ಮುಂಚೆ ಕೇಳಿ: ಸಾತ್-ಬಾರಾದಲ್ಲಿ, ಅಂದ್ರೆ ನಮ್ಮ ಪಹಣಿಯಂಥ ಪತ್ರದಲ್ಲಿ, ಯಾರ ಹೆಸರಿದೆ? ಎನ್ಎ ಆಗಿದೆಯಾ? ಲೀಸ್ ಎಷ್ಟು ವರ್ಷ ಉಳಿದಿದೆ? ಕನ್ವೇಯನ್ಸ್ ಆಗಿದೆಯಾ? ಪರವಾನಗಿಯನ್ನು ಪಾಲಿಕೆಯಲ್ಲೇ ಹೋಗಿ ತಾಳೆ ನೋಡಿ. ಮುಂದಿನ ಮಾತಿನಲ್ಲಿ ಸಿಗೋಣ.