ಕೊಂಡಿದ್ದೋ, ಬಾಡಿಗೆಗೆ ತಂದಿದ್ದೋ?

ಮೊದಲೆಲ್ಲ ಜಯನಗರ, ಬಸವನಗುಡಿ ಕಡೆ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ವು, ನೆನಪಿದ್ಯಾ? ಕಾದಂಬರಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಡ್ತಿದ್ವಿ. ಅವ್ರೂ ಬಾಡಿಗೆ ಅಂತ್ಲೇ ಹೇಳ್ತಿದ್ರು, ನಾವೂ ಹಾಗೇ ತಿಳ್ಕೊಂಡಿದ್ವಿ. ಈಗ ಮೊಬೈಲಿನಲ್ಲಿ ‘ಬೈ’ ಅಂತ ಒತ್ತಿ ಪೂರ್ತಿ ದುಡ್ಡು ಕೊಟ್ರೂ ಆ ಪುಸ್ತಕವನ್ನ ಪಕ್ಕದ ಮನೆ ಅಕ್ಕನಿಗೆ ಕೊಡೋಕಾಗಲ್ಲ.

ಕನ್ನಡದವರಿಗೆ ಮೊದಲ ಕಾಟ ಬೀಗದ್ದಲ್ಲ, ಅಕ್ಷರದ್ದು. 1998ರಲ್ಲಿ ‘ಬರಹ’ ಬಂತು, ಆಮೇಲೆ ‘ನುಡಿ’. ಟೈಪ್ ಮಾಡೋದೇನೋ ಸಲೀಸಾಯ್ತು. ಆದ್ರೆ ಆಗಿನ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆಗೆದ್ರೆ ಇಂಗ್ಲಿಷಿಗೆ ಕೊಂಬು, ಮೀಸೆ ಬಂದಂಗೆ ಕಾಣ್ತಿತ್ತು. ಯಾರೂ ಬೀಗ ಹಾಕಿರಲಿಲ್ಲ, ಆದ್ರೂ ಓದೋಕಾಗ್ತಿರಲಿಲ್ಲ! ಯೂನಿಕೋಡ್ ಬಳಕೆಗೆ ಬಂದು ಆ ತೊಂದರೆ ಕಳೀತು.

2016ರ ಡಿಸೆಂಬರಿನಲ್ಲಿ ಕಿಂಡಲ್‌ನವರು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನ ತಂದ್ರು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 2020ರಲ್ಲಿ ನಮ್ಮ ಬೆಂಗಳೂರಿನದೇ ‘ಮೈಲ್ಯಾಂಗ್’ ಬಂದಾಗ ನನಗಂತೂ ಖುಷಿಯಾಯ್ತು.

ಇನ್ನು ಬೀಗದ ವಿಷಯ. ಅದಕ್ಕೆ ಡಿಆರ್‌ಎಂ ಅಂತಾರೆ. ಫೈಲನ್ನ ಗುಟ್ಟಿನ ಲಿಪಿ ಮಾಡಿ, ಬೀಗದಕೈಯನ್ನ ನಮ್ಮ ಖಾತೆಗೆ ಕಟ್ಟಿಡ್ತಾರೆ. ಬೀಗದಕೈ ಅಂಗಡಿಯವರ ಹತ್ರ ಇದ್ರೆ ಏನಾಗುತ್ತೆ ನೋಡಿ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದು ಅಂತ, ಜಾರ್ಜ್ ಆರ್ವೆಲ್‌ನ ‘1984’ನ್ನ ಕೊಂಡವರ ಕಿಂಡಲ್‌ನಿಂದಲೇ ಅಳಿಸ್ತು. ದುಡ್ಡು ವಾಪಸ್ ಕೊಟ್ರು, ನಿಜ. ಆದ್ರೆ ಪುಸ್ತಕದಂಗಡಿಯವನು ರಾತ್ರಿ ಮನೆಯೊಳಗೆ ಬಂದು ಪುಸ್ತಕ ತಗೊಂಡು, ದುಡ್ಡಿಟ್ಟು ಹೋದ್ರೆ ನಾವು ಸುಮ್ನಿರ್ತೀವಾ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ಹೋದ್ವು. ಅಲ್ಲೂ ದುಡ್ಡು ವಾಪಸ್ ಬಂತು. ಅಂಚಿನಲ್ಲಿ ಬರ್ಕೊಂಡಿದ್ದ ಟಿಪ್ಪಣಿ ಬರಲಿಲ್ಲ.

ನಮ್ಮ ದೇಶದ ಕಾಪಿರೈಟ್ ಕಾಯ್ದೆಗೂ 2012ರಲ್ಲಿ 65ಎ ಅನ್ನೋ ಕಲಂ ಸೇರ್ತು. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಮುರಿದ್ರೆ ಎರಡು ವರ್ಷದವರೆಗೂ ಜೈಲು. ಬರೆಯೋರ ಹೊಟ್ಟೆಪಾಡೂ ಇದೆಯಲ್ಲ. ವಾಟ್ಸಾಪಿನಲ್ಲಿ ಕದ್ದ ಪಿಡಿಎಫ್ ಹಂಚೋದು ನನಗೆ ಸರಿಕಾಣಲ್ಲ.

ಆದ್ರೆ ಹಕ್ಕಿಗೂ ಕೊನೆ ಇದೆ: ಲೇಖಕರು ತೀರ್ಕೊಂಡು 60 ವರ್ಷ. ತ್ರಿವೇಣಿಯವರು ಹೋಗಿದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರದ್ದು. ಅವನ್ನ ಯೂನಿಕೋಡಿನಲ್ಲಿ ಟೈಪ್ ಮಾಡಿ, ಬೀಗ ಇಲ್ಲದ ಇ-ಪಬ್ ಮಾಡಿ, ನೀವು ನನಗೆ, ನಾನು ನಿಮಗೆ ಕೊಡಬಹುದು.