ಬಂಗ್ಲೆಯ ಹಿಂದಿನ ಬಾಗಿಲು

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ಹೋದ ಭಾನುವಾರ ಅವ್ವನ್ನ ಕರ್ಕೊಂಡು ನಮ್ಮ ಕಡೆಯ ಒಂದು ಹಳೇ ಬಂಗ್ಲೆ ನೋಡೋಕೆ ಹೋಗಿದ್ದೆ. ಯಾವ ಊರಿಂದು ಅಂತ ಬರೆಯಲ್ಲ, ಕಾರಣ ಕೊನೇಲಿ ಗೊತ್ತಾಗುತ್ತೆ. ವರ್ಷಗಟ್ಟಲೆ ಹೆಂಚು ಉದುರಿ, ಬಾವಲಿ ಸೇರ್ಕೊಂಡು ಬಿದ್ದಿತ್ತು. ಈಗ ರಿಪೇರಿ ಮಾಡಿ, ಸುಣ್ಣ ಬಳಿದು, ಮುಂದಿನ ಜಾಗಕ್ಕೆ ಸಿಮೆಂಟಿನ ಇಟ್ಟಿಗೆ ಹಾಸಿ, ಹುಲ್ಲು ಬೆಳೆಸಿ ಪಾರ್ಕು ಮಾಡಿದಾರೆ. ಮಕ್ಕಳಿಗೆ ಜಾರುಬಂಡೆ ಇದೆ. ವರಾಂಡದಲ್ಲಿ ಕೂತ್ರೆ ಎದುರಿಗೆ ಬರೀ ಬೆಟ್ಟ. ಕೊರಟಗೆರೆ ದಾಟಿದ ಮೇಲೆ ಮಧುಗಿರಿ, ಪಾವಗಡದ ಕಡೆ ಹೋಗಿರೋರಿಗೆ ಗೊತ್ತು, ಆ ರಸ್ತೇಲಿ ಒಂದು ಬಂಡೆ ಹಿಂದೆ ಹೋಗೋವಷ್ಟ್ರಲ್ಲಿ ಇನ್ನೊಂದು ಎದ್ದು ನಿಂತಿರುತ್ತೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಚೆನ್ನಾಗಿಯೇ ಮಾಡಿದಾರೆ.

ಗೇಟಿನ ಹತ್ರ ಒಂದು ಬೋರ್ಡು. ಬ್ರಿಟಿಷ್ ಅಧಿಕಾರಿಗಳು ತಂಗುತ್ತಿದ್ದ ಐತಿಹಾಸಿಕ ಕಟ್ಟಡ, ಕುದುರೆ ಲಾಯ, ಮದ್ರಾಸು ತಾರಸಿ, ಇಂತಿಂಥ ಗಣ್ಯರು ಬಂದಿದ್ರು ಅಂತೆಲ್ಲ ಇದೆ. ಅವ್ವನಿಗೆ ಓದೋಕೆ ಬರಲ್ಲ. ನಾನೇ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಸೌದೆ ವಿಷ್ಯ ಬರೆದಿಲ್ವಾ?" ಅಂದ್ಲು.

ಸೌದೆ ಯಾಕೆ ಅಂದ್ರೆ, ಅವ್ವನ ಅಪ್ಪ, ಅಂದ್ರೆ ನಮ್ಮ ತಾತ, ಆ ಊರಿನ ತೋಟಿ. ಬಂಗ್ಲೆಗೆ ಸೌದೆ ಒಡೆದು ಹಾಕೋದು, ನೀರು ತುಂಬೋದು, ಬಂದೋರ ಕುದುರೆಗೆ ಹುಲ್ಲು ತರೋದು, ಮುಂದಿನ ಊರಿನ ಗಡಿ ತನಕ ಪೆಟ್ಟಿಗೆ ಹೊತ್ಕೊಂಡು ಹೋಗಿ ಅಲ್ಲಿನ ತೋಟಿಗೆ ಒಪ್ಪಿಸಿ ಬರೋದು, ಎಲ್ಲ ಅವರ ಮನೆತನದ ಕೆಲಸ. ಸಂಬಳ ಅಂತ ಏನಿಲ್ಲ. ಸುಗ್ಗೀಲಿ ಕಣದಲ್ಲಿ ಸಿಗೋ ಕಾಳು, ಒಂದು ತುಂಡು ಇನಾಮು ಹೊಲ. ಮೇಟಿ ಕೆಲಸಕ್ಕೆ ಸರ್ಕಾರದ ಸಂಬಳ ಇತ್ತು, ತೋಟಿಗೆ ಬಿಟ್ಟಿ.

ಈ ಬಂಗ್ಲೆಗಳು ಹೆಂಗೆ ಬಂದ್ವು ಅನ್ನೋದನ್ನ ಸ್ವಲ್ಪ ಹೇಳ್ಬೇಕು. ನಮ್ಮ ಹುಡುಗರಿಗೆ ಈ ರಸ್ತೆ ಅಂದ್ರೆ ಬರೀ ಟೋಲು, ಬಿರಿಯಾನಿ ಹೋಟ್ಲು ಅಷ್ಟೇ ಆಗಿಬಿಟ್ಟಿದೆ. ಸಿರಾ ಒಂದು ಕಾಲಕ್ಕೆ ರಾಜಧಾನಿ ಇದ್ದಂಗೆ ಇತ್ತು. ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ ಕೋಟೆಗೆ ಕೈ ಹಾಕಿದ, ಆಮೇಲೆ ಬಿಜಾಪುರದೋರು ಬಂದ್ರು. ಮಲಿಕ್ ರಿಹಾನನ ದರ್ಗಾ 1651ರದ್ದು, ಜುಮ್ಮಾ ಮಸೀದಿ 1696ರದ್ದು. ಈಗ್ಲೂ ನಿಂತಿವೆ, ಹೋಗಿ ನೋಡಿ. 1687ರಲ್ಲಿ ಮೊಗಲರು ಸಿರಾನ ಒಂದು ಸುಬಾ ಮಾಡಿದ್ರು. ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲ ಅದರ ಕೆಳಗೆ. ಅಲ್ಲಿ ಖಾನ್ ಬಾಗ್ ಅಂತ ಒಂದು ತೋಟ ಇತ್ತು. ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿ ಅದೇ ಇರಬಹುದು ಅಂತ ಮೈಸೂರು ಗೆಜೆಟಿಯರ್ ಬರೆದ ರೈಸ್ ಸಾಹೇಬ ಹೇಳ್ತಾನೆ. ಪಾರ್ಕು ಅನ್ನೋದು ನಮ್ಮ ಕಡೆಗೆ ಹೊಸದಲ್ಲ. (ಈಗ ಪಾರ್ಕು ಅಂದ್ರೆ ಪಾವಗಡದ ಸೋಲಾರ್ ಪಾರ್ಕು, 13,000 ಎಕರೆ. ಜಮೀನಿದ್ದೋರಿಗೆ ವರ್ಷ ವರ್ಷ ಗುತ್ತಿಗೆ ದುಡ್ಡು ಬರುತ್ತೆ, ಅದೇ ಜಮೀನಲ್ಲಿ ಕೂಲಿ ಮಾಡ್ತಿದ್ದೋರಿಗೆ ಏನು ಬರುತ್ತೆ ಅಂತ ಇನ್ನೊಂದು ಸಲ ಬರೀತೀನಿ.)

ಸಿರಾಗೆ ಮೊಗಲರು ಬರೋಕೆ ಮುಂಚೆಯೇ ಉತ್ತರದಲ್ಲಿ ಶೇರ್ ಷಾ ರಸ್ತೆ ಉದ್ದಕ್ಕೂ 1,700 ಸರಾಯಿ ಕಟ್ಟಿಸಿದ ಅಂತ ಪಠ್ಯಪುಸ್ತಕದಲ್ಲಿ ನಾವೆಲ್ಲ ಓದಿದೀವಿ. ಹಿಂದೂಗಳಿಗೆ ಬೇರೆ ಕೋಣೆ, ಮುಸಲ್ಮಾನರಿಗೆ ಬೇರೆ ಕೋಣೆ. ಹಿಂದೂಗಳ ಕಡೆ ನೀರು ಕಾಯಿಸಿ ಕೊಡೋಕೆ, ಅಡುಗೆ ಮಾಡೋಕೆ ಬ್ರಾಹ್ಮಣರನ್ನ ಇಟ್ಟಿದ್ದ ಅಂತ ಅವನ ಚರಿತ್ರೆ ಬರೆದ ಅಬ್ಬಾಸ್ ಖಾನನೇ ಹೇಳ್ತಾನೆ. ಅದನ್ನ ಮೇಷ್ಟ್ರು ಧರ್ಮಸಹಿಷ್ಣುತೆಗೆ ಉದಾಹರಣೆ ಅಂತ ಪಾಠ ಮಾಡಿದ್ರು, ಹತ್ತಕ್ಕೆ ಐದು ಮಾರ್ಕಿನ ಪ್ರಶ್ನೆ. ಬ್ರಾಹ್ಮಣ ನೀರು ಕೊಡೋ ಕೋಣೆಗೆ ನಮ್ಮೋನು ಯಾವ ಕಡೆಯಿಂದ ಹೋಗ್ಬೇಕಿತ್ತು ಅಂತ ಕೇಳೋ ಬುದ್ಧಿ ಆಗ ನನಗೂ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಛತ್ರ ಇತ್ತು, ಅರವಟ್ಟಿಗೆ ಇತ್ತು. ಛತ್ರದಲ್ಲಿ ಬ್ರಾಹ್ಮಣರಿಗೆ ಎಲೆ ಹಾಕ್ತಿದ್ರು, ಮಿಕ್ಕ ಜಾತಿಗಳಿಗೆ ಜಾತಿ ನೋಡಿ ಜಗಲಿ. ಅರವಟ್ಟಿಗೇಲಿ ನಮಗೆ ಬಿದಿರು ದಬ್ಬೇಲಿ ಮೇಲಿಂದ ಬೊಗಸೆಗೆ ನೀರು ಬಿಡ್ತಿದ್ರು. ಬೊಗಸೆ ಕೂಡ ಇರಲಿ ಅಂತ ದಬ್ಬೆ ಉದ್ದ ಮಾಡಿರ್ತಿದ್ರು. ಉಳ್ಕೊಳ್ಳೋಕೆ ಸಾಲುಮರ. ಹುಣಸೆ, ಹೊಂಗೆ, ಆಲ, ಅದೇ ನಮ್ಮೋರ ಪ್ರವಾಸಿ ಮಂದಿರ. ರಸ್ತೆ ಅಗಲ ಮಾಡುವಾಗ ಅದನ್ನೂ ಕಡಿದ್ರು.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ತಗೊಂಡ್ರು. 1834ರಿಂದ 1861ರ ತನಕ ಮಾರ್ಕ್ ಕಬ್ಬನ್ ಕಮಿಷನರ್. ಕಬ್ಬನ್ ಪಾರ್ಕಿನ ಕಬ್ಬನ್. ಅವನ ಕಾಲದಲ್ಲಿ ಹತ್ರತ್ರ 1,600 ಮೈಲಿ ರಸ್ತೆ, 300ಕ್ಕೂ ಮೇಲೆ ಸೇತುವೆ ಆದ್ವು ಅಂತ ಲೆಕ್ಕ ಇದೆ. ಕಲ್ಲು ಒಡೆದೋರ ಲೆಕ್ಕ ಯಾರೂ ಇಟ್ಟಿಲ್ಲ. ರಸ್ತೆ ಆದ ಮೇಲೆ ಅದರಲ್ಲಿ ಓಡಾಡೋ ಅಧಿಕಾರಿ ರಾತ್ರಿ ಮಲಗ್ಬೇಕಲ್ಲ, ಒಂದು ದಿನ ಕುದುರೆ ನಡೆಯೋ ದೂರಕ್ಕೊಂದು ಬಂಗ್ಲೆ ಬಂತು. 1884ರಲ್ಲಿ ಬೆಂಗಳೂರಿಂದ ತುಮಕೂರಿಗೆ ರೈಲು ಬಂತು, ಅಲ್ಲಿಂದ ತಿಪಟೂರು, ಅರಸೀಕೆರೆ ಕಡೆ ತಿರುಗ್ತು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಆಗ ರೈಲು ಬರಲಿಲ್ಲ. ಬೇರೆ ಕಡೆ ಬಂಗ್ಲೆಗಳು ರೈಲು ಬಂದ ಮೇಲೆ ಖಾಲಿ ಹೊಡೆದ್ರೆ, ನಮ್ಮಲ್ಲಿ ಬಹಳ ಕಾಲ ಒಲೆ ಆರಲಿಲ್ಲ. ಒಲೆ ಆರದಿದ್ರೆ ತಾತನ ಕೊಡಲಿಗೂ ಬಿಡುವಿಲ್ಲ.

ಈಗ ಅವ್ವ ಹೇಳಿದ್ದು. ದೊರೆಗಳ ಕಾಲದ್ದು ಅವಳು ಅಪ್ಪನಿಂದ ಕೇಳಿದ್ದು, ಆಮೇಲಿಂದು ಕಣ್ಣಾರೆ ಕಂಡಿದ್ದು.

"ದೊರೆ ಬಂದಾಗ ನಮ್ಮಪ್ಪ ಅಡುಗೆಮನೆ ಒಳಕ್ಕೆ ಹೋಗ್ತಿದ್ನಂತೆ ಕಣೋ. ನೀರು ಅವನೇ ತುಂಬೋನು, ಅದೇ ನೀರು ದೊರೆ ಕುಡಿಯೋನು. ಅಮಲ್ದಾರ್ರು, ಇಂಜಿನೀರು ನಮ್ಮೋರೇ ಬರೋಕೆ ಶುರು ಆದ್ಮೇಲೆ ಅಪ್ಪಂಗೆ ಅಂಗಳ. ಸೌದೆ ಹಿಂದ್ಲ ಬಾಗ್ಲಲ್ಲಿ ಹಾಕಿ ದೂರ ನಿಲ್ಬೇಕು. ನೀರು ತರೋಕೆ ಬೇರೆ ಜಾತಿಯೋನು."

ಇದು ನಮ್ಮ ಮನೆ ಕತೆ ಮಾತ್ರ ಅಲ್ಲ. ದೊರೆಗಳ ಮನೆಯಲ್ಲಿ ದನದ ಮಾಂಸ ಬೇಯಿಸೋಕೆ ಮೇಲ್ಜಾತಿಯೋರು ಬರ್ತಿರಲಿಲ್ಲ. ಹಂಗಾಗಿ ಮದ್ರಾಸ್ ಸೀಮೆಯಿಂದ ದಂಡಿನ ಜೊತೆ ಬಂದ ಪರೆಯರು, ಇಲ್ಲಿನ ನಮ್ಮೋರು ಬಟ್ಲರು, ಕುಕ್ಕು ಆದ್ರು. ಅದು ಬಿಳಿಯರ ದೊಡ್ಡತನ ಅಂತ ನಾನು ಹೇಳ್ತಿಲ್ಲ. ಅವರಿಗೆ ಕೆಲಸ ಆಗ್ಬೇಕಿತ್ತು, ಬಿಟ್ಟಿ ಚಾಕರಿನ ಅವರೂ ಚೆನ್ನಾಗಿಯೇ ಬಳಸ್ಕೊಂಡ್ರು. ನಮ್ಮ ಗೆಳೆಯರಲ್ಲಿ ಕೆಲವರು ಬ್ರಿಟಿಷರನ್ನ ಹೊಗಳೋ ಭರದಲ್ಲಿ ಇದನ್ನ ಮರೀತಾರೆ. ಪೆಟ್ಟಿಗೆ ಹೊತ್ತಿದ್ದು ತಾತನ ತಲೆ, ಒಳಗಿದ್ದಿದ್ದು ದೊರೆ ಸಾಮಾನು.

ಆದ್ರೆ ಅವ್ವನ ಮಾತಲ್ಲಿ ನನ್ನನ್ನ ಕುಟುಕಿದ್ದು ಕಾಲ. ಅವಳು ಹುಟ್ಟಿದ್ದು ಸ್ವಾತಂತ್ರ್ಯ ಬಂದ ಆಸುಪಾಸು. ಹತ್ತು ಹನ್ನೆರಡು ವರ್ಷದೋಳಾಗಿ ಅಪ್ಪನ ಜೊತೆ ಸೌದೆ ಹೊತ್ಕೊಂಡು ಹೋಗಿದಾಳೆ ಅಂದ್ರೆ 1950ರ ದಶಕದ ಕೊನೆ. ಅಷ್ಟೊತ್ತಿಗೆ ಕಾಗದದ ಮೇಲೆ ಏನೇನಿತ್ತು? ಮೈಸೂರು ಸಂಸ್ಥಾನದ್ದೇ 1943ರ ನಾಗರಿಕ ಅನರ್ಹತೆ ನಿವಾರಣಾ ಕಾಯ್ದೆ ಇತ್ತು. ಸಂವಿಧಾನದ 15ನೇ ವಿಧಿ ಇತ್ತು, 17ನೇ ವಿಧಿ ಇತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜೂನ್ 1ರಿಂದ ಜಾರಿ ಆಗಿತ್ತು. ಅದರಲ್ಲಿ ಹೋಟ್ಲು ಮಾತ್ರ ಅಲ್ಲ, ಧರ್ಮಶಾಲೆ, ಸರಾಯಿ, ಮುಸಾಫಿರಖಾನೆ ಅಂತ ಒಂದೊಂದೂ ಹೆಸರು ಹಿಡಿದು ಬರೆದಿದಾರೆ. ಅಲ್ಲಿನ ಪಾತ್ರೆ ಪಗಡ ಮುಟ್ಟೋಕೂ ಹಕ್ಕಿದೆ ಅಂತ ಇದೆ. ಅಮಲ್ದಾರರು ಆ ಕಾಯ್ದೆ ಜಾರಿ ಮಾಡಬೇಕಾದೋರು. ಅವರೇ ವರಾಂಡದಲ್ಲಿ ಕಾಫಿ ಕುಡೀತಾ ಕೂತಿದ್ದಾಗ ತಾತ ಅಂಗಳದಲ್ಲಿ ನಿಂತಿದ್ದ.

ಆ ಹೆಸರುಗಳು ಕಾಯ್ದೆಗೆ ಸುಮ್ಮನೆ ಬಂದಿದ್ದಲ್ಲ. 1917ರಲ್ಲಿ ಬಾಬಾಸಾಹೇಬರು ಅಮೆರಿಕ, ಲಂಡನ್‌ನಿಂದ ವಾಪಸ್ ಆಗಿ ಬರೋಡಾದ ಕೆಲಸಕ್ಕೆ ಬಂದಾಗ ಊರಲ್ಲಿ ಯಾರೂ ಜಾಗ ಕೊಡಲಿಲ್ಲ. ಕೊನೆಗೆ ಒಂದು ಪಾರ್ಸಿ ತಂಗುದಾಣದಲ್ಲಿ ಪಾರ್ಸಿ ಹೆಸರು ಬರೆಸಿ ಉಳ್ಕೊಂಡ್ರು. ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆ. ಹನ್ನೊಂದನೇ ದಿನ ದೊಣ್ಣೆ ಹಿಡ್ಕೊಂಡು ಪಾರ್ಸಿಗಳ ಗುಂಪು ಬಂತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರ ಮನೆಯಲ್ಲೂ ಆಗಲ್ಲ ಅಂದ್ರು. ಬೊಂಬಾಯಿ ರೈಲಿಗೆ ಇನ್ನೂ ಐದು ಗಂಟೆ ಇತ್ತು. ಅಷ್ಟು ಹೊತ್ತನ್ನ ಕಾಮಾಟಿ ಬಾಗ್ ಅನ್ನೋ ಪಾರ್ಕಿನಲ್ಲಿ ಕೂತು ಕಳೆದ್ರು. ಆ ಜಾಗ ಈಗ ಸಂಕಲ್ಪ ಭೂಮಿ. ಅಮೆರಿಕದಲ್ಲಿ ಡಾಕ್ಟರೇಟಿಗೆ ಓದಿದ ಮನುಷ್ಯನಿಗೆ ಊರಲ್ಲಿ ಸಿಕ್ಕಿದ್ದು ಪಾರ್ಕಿನ ಮರದ ನೆರಳು. 1923ರ ಆಗಸ್ಟ್ 4ರಂದು ಬೊಂಬಾಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರ ನಿರ್ಣಯ ಪಾಸಾಯ್ತು. ಕೆರೆ, ಬಾವಿ ಜೊತೆ ಧರ್ಮಶಾಲೆಗಳೂ ಅಸ್ಪೃಶ್ಯರಿಗೆ ತೆರೀಬೇಕು ಅಂತ ಅದರಲ್ಲೇ ಇದೆ. ನಾವು ಮಹಾಡ್ ಅಂದ್ರೆ ಕೆರೆ ಮಾತ್ರ ನೆನೆಸ್ಕೋತೀವಿ. ನೀರಿನ ಹಕ್ಕಿನ ಜೊತೆ ದಾರಿಯಲ್ಲಿ ಮಲಗೋ ಹಕ್ಕೂ ಇತ್ತು.

ಅಮೆರಿಕದ ಕರಿಯರಿಗೂ ಇದೇ ಪಾಡು. ನ್ಯೂಯಾರ್ಕಿನ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಒಬ್ಬ ಪೋಸ್ಟ್‌ಮ್ಯಾನ್, ನಮ್ಮಂಗೆ ಸಣ್ಣ ನೌಕರ, 1936ರಿಂದ ಒಂದು ಕೈಪಿಡಿ ಅಚ್ಚು ಹಾಕಿಸ್ತಿದ್ದ. ಯಾವ ರಸ್ತೇಲಿ ಯಾವ ಹೋಟ್ಲು ಕರಿಯರನ್ನ ಒಳಗೆ ಬಿಡುತ್ತೆ, ಎಲ್ಲಿ ರಾತ್ರಿ ಮಲಗಬಹುದು ಅಂತ. ಬರ್ಮಿಂಗ್‌ಹ್ಯಾಮಿನಲ್ಲಿ ಎ.ಜಿ. ಗ್ಯಾಸ್ಟನ್ ಅನ್ನೋ ಕರಿಯ ಉದ್ಯಮಿ 1954ರಲ್ಲಿ ಕಟ್ಟಿಸಿದ ಮೋಟೆಲ್ ಇದೆ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಂದಲೇ ಚಳವಳಿ ನಡೆಸಿದ್ರು, ಅದಕ್ಕೆ ಬಾಂಬ್ ಹಾಕಿದ್ರು. ಪಕ್ಕದಲ್ಲೇ ಪಾರ್ಕು, ಮಕ್ಕಳ ಮೇಲೆ ಪೊಲೀಸ್ ನಾಯಿ ಬಿಟ್ಟಿದ್ದು ಅಲ್ಲೇ. 2017ರಿಂದ ಅದೆಲ್ಲ ರಾಷ್ಟ್ರೀಯ ಸ್ಮಾರಕ. ಅಲ್ಲಿ ಹೋದೋರಿಗೆ ನಾಯಿ ಕತೆನೂ ಹೇಳ್ತಾರೆ, ಬಾಂಬ್ ಕತೆನೂ ಹೇಳ್ತಾರೆ. ಮೋಟೆಲಿನ ತಾರಸಿ ಯಾವ ಸೀಮೆದು ಅಂತ ಮಾತ್ರ ಹೇಳಿ ಕಳಿಸಲ್ಲ.

ನಮ್ಮ ಬಂಗ್ಲೆಗೆ ವಾಪಸ್ ಬರ್ತೀನಿ. ಅವ್ವ ಪಾರ್ಕು ನೋಡಲಿಲ್ಲ. ಕಟ್ಟಡ ಸುತ್ಕೊಂಡು ಸೀದಾ ಹಿಂದಕ್ಕೆ ಹೋದ್ಲು. ಅಡುಗೆಮನೆ ಹಿಂದಿನ ಬಾಗಿಲಿಗೆ ಹೊಸ ಬಣ್ಣ, ಹೊಸ ಚಿಲಕ. ಅದರ ಎದುರಿಗೆ ನೆಲದಲ್ಲಿ ಒಂದು ಚಪ್ಪಡಿ ಕಲ್ಲು, ಮಧ್ಯೆ ಸವೆದು ತಗ್ಗಾಗಿದೆ. ಸೌದೆ ಒಡೀತಿದ್ದ ಕಲ್ಲು ಅಂದ್ಲು. ರಿಪೇರಿ ಮಾಡಿದೋರಿಗೆ ಅದು ಏನು ಅಂತ ಗೊತ್ತಾಗದೆ ಬಿಟ್ಟಿದಾರೆ ಅನ್ಸುತ್ತೆ, ಪುಣ್ಯ. ಅದರ ಮೇಲೆ ಈಗ ಒಂದು ಕಸದ ಡಬ್ಬಿ ಇದೆ.

ಸ್ವಲ್ಪ ಹೊತ್ತು ನಿಂತು ನೋಡಿ, ವರಾಂಡಕ್ಕೆ ಬಂದು ಕುರ್ಚಿ ಮೇಲೆ ಕೂತ್ಲು. ಅಲ್ಲಿದ್ದ ಹುಡುಗ, ಪಾಪ ಗುತ್ತಿಗೆ ನೌಕರ, "ಅಜ್ಜಿ, ಅದು ಸಾಹೇಬ್ರಿಗೆ ಇಟ್ಟಿರೋದು, ಈ ಕಡೆ ಬೆಂಚಲ್ಲಿ ಕೂತ್ಕಳಿ" ಅಂದ. ಕೆಟ್ಟದಾಗಿ ಹೇಳಲಿಲ್ಲ. ಜಾತಿ ಕೇಳಿ ಹೇಳಿದ್ದೂ ಅಲ್ಲ, ಅದನ್ನ ನಾನು ಪ್ರಾಮಾಣಿಕವಾಗಿ ಬರೀಬೇಕು. ಅವನಿಗೆ ಯಾರೋ ಹೇಳಿದಾರೆ, ಅವನು ನಮಗೆ ಹೇಳಿದ. ಆದ್ರೂ ನನಗೆ ಮೈಯೆಲ್ಲ ಉರೀತು. ನಾನು ಬಾಯಿ ತೆಗೆಯೋಕೆ ಮುಂಚೆ ಅವ್ವನೇ, "ಈ ವರಾಂಡಕ್ಕೆ ಸಗಣಿ ಸಾರಿಸಿದ್ದು ನಮ್ಮವ್ವ ಕಣಪ್ಪ, ಸ್ವಲ್ಪ ಹೊತ್ತು ಕೂತ್ಕೊಂಡು ಎದ್ದೋಗ್ತೀನಿ" ಅಂದ್ಲು. ಹುಡುಗ ಸುಮ್ಮನಾದ. ಆಮೇಲೆ ಅವನೇ ಹೋಗಿ ಒಂದು ಲೋಟ ನೀರು ತಂದ್ಕೊಟ್ಟ. ಸ್ಟೀಲ್ ಲೋಟ. ಅವ್ವ ಕಚ್ಚಿ ಕುಡಿದ್ಲು. ಅವಳು ಯಾವಾಗ್ಲೂ ಲೋಟ ಎತ್ತಿ ಕುಡಿಯೋಳು.

ತೋಟಿ, ತಳವಾರಿಕೆ ಅನ್ನೋ ವಂಶಪಾರಂಪರ್ಯದ ಚಾಕರಿಯನ್ನ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದು ಹಾಕ್ತು. ತಾತ ಆಮೇಲೂ ಎರಡು ಮೂರು ವರ್ಷ ಸೌದೆ ಹಾಕ್ತಿದ್ದನಂತೆ. ರದ್ದಾಗಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಸೋಮವಾರ ಅರ್ಧ ದಿನ ರಜ ಹಾಕಿ ಸಂಬಂಧಪಟ್ಟ ಆಫೀಸಿಗೆ ಅರ್ಜಿ ಕೊಟ್ಟು ಬಂದೆ. ಊರಿನ ಹೆಸರು ಇಲ್ಲಿ ಹಾಕದೆ ಇರೋದು ಅದಕ್ಕೇ. ಮೊದಲು ಅವರೇನು ಉತ್ತರ ಕೊಡ್ತಾರೆ ನೋಡೋಣ, ಆ ಗುತ್ತಿಗೆ ಹುಡುಗನ ತಲೆ ಮೇಲೂ ಬರಬಾರದು. ಕೇಳಿರೋದು ಎರಡೇ. ಒಂದು, ಕಲ್ಲಿನ ಮೇಲಿನ ಕಸದ ಡಬ್ಬಿ ತೆಗೀರಿ. ಎರಡು, ಬೋರ್ಡಿನಲ್ಲಿ ಸೌದೆ, ನೀರು, ಪೆಟ್ಟಿಗೆ ಹೊತ್ತ ತೋಟಿಗಳ ಬಗ್ಗೆ ನಾಲ್ಕು ಸಾಲು ಸೇರಿಸಿ. ಸಾಲುಗಳನ್ನೂ ನಾನೇ ಬರೆದು ಲಗತ್ತಿಸಿದೀನಿ, ಅವರಿಗೆ ತೊಂದರೆ ಬೇಡ ಅಂತ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯ ಗೆಳೆಯರು ನಿಮ್ಮ ಮನೆ ಹಿರಿಯರು ಬಂಗ್ಲೆ, ಛತ್ರಗಳಲ್ಲಿ ದುಡಿದಿದ್ರೆ ಕೇಳಿ ಬರ್ಕೊಂಡು ಕಳಿಸಿ, ಎರಡನೇ ಅರ್ಜಿಗೆ ಬೇಕಾಗುತ್ತೆ.

ಅರ್ಜಿ ತಗೊಂಡೋರು ಇಟ್ಟು ಹೋಗಿ ಅಂದ್ರು. ನಾನೂ ಗುಮಾಸ್ತ. ಸ್ವೀಕೃತಿ ಸೀಲು, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೇ ಬಂದೆ.